‘ಬೇಡ’ ಎನ್ನಲು ಧೈರ್ಯ ಬರುವುದು ಯಾವಾಗ?

ಪ್ರಶ್ನೆ: ಗಂಡನನ್ನು ಬಿಟ್ಟು ಮುಂಬೈ ಬಳಿಯ ಡೊಂಬಿವಲಿಯಲ್ಲಿ ಅಕ್ಕನ ಮನೆಯಲ್ಲಿದ್ದೇನೆ. ಅವರು ಕೈ ಎತ್ತಿದವರಲ್ಲ. ‘ನಾನು ಹಾಗೆ ಹೇಳಲೇ ಇಲ್ಲ, ನಿನಗೆ ಭ್ರಮೆ’ ಎನ್ನುತ್ತಿದ್ದರು. ಈಗ ತರಕಾರಿ ಕೊಳ್ಳಲೂ ಅಕ್ಕನಿಗೆ ಫೋನ್ ಮಾಡುತ್ತೇನೆ. ಅವರ ಸಂದೇಶ ಬಂದರೆ ಉತ್ತರಿಸದೆ ಇರಲಾಗದು. ಆತ್ಮವಿಶ್ವಾಸ ಮರಳಿದ ಮೇಲೆ ತಾನೇ ಬೇಡ ಎನ್ನಲು ಸಾಧ್ಯ?

ಉತ್ತರ: ಹಾಗೆಂದು ಕಾಯುತ್ತ ಕುಳಿತರೆ ಆ ದಿನ ಬರುವುದಿಲ್ಲ. ಅಳುಕಿನಲ್ಲೇ ಗೆರೆ ಎಳೆಯಬೇಕು. ಧೈರ್ಯ ಅದರ ಬೆನ್ನಿಗೆ ಬರುತ್ತದೆ.

ಇಂದು ಮುದ್ದು, ನಾಳೆ ಕಾರಣವಿಲ್ಲದ ಮೌನ. ಅಂಥ ಮನೆಯಲ್ಲಿ ಯಾರಾದರೂ ಎದುರಿನವರ ಮುಖ ನೋಡುವುದನ್ನೇ ಕಲಿಯುತ್ತಾರೆ, ತನಗೇನು ಬೇಕೆಂಬುದು ಮರೆತೇ ಹೋಗುತ್ತದೆ. ಆದ್ದರಿಂದ ತರಕಾರಿಯಿಂದಲೇ ಶುರುಮಾಡಿ. ತೊಂಡೆಯೋ ಬೆಂಡೆಯೋ, ಯಾರನ್ನೂ ಕೇಳದೆ ತನ್ನಿ. ಬಲಿತದ್ದು ಬಂದರೆ ಬರಲಿ. ಪಲ್ಯ ಕೆಟ್ಟಿತೆಂದು ಅಕ್ಕ ವಾರಗಟ್ಟಲೆ ಮಾತು ಬಿಡುವುದಿಲ್ಲವೆಂದು ಬುದ್ಧಿಗೆ ಗೊತ್ತು, ಮೈಗೂ ಗೊತ್ತಾಗಬೇಕು.

ಇನ್ನು ಗಂಡನ ಸಂದೇಶಗಳು. ‘ರಾತ್ರಿ ಸಂದೇಶ ಕಳಿಸಬೇಡಿ’ ಎಂದರೆ ಪಾಲಿಸುವುದು, ಬಿಡುವುದು ಅವರ ಕೈಯಲ್ಲಿ. ‘ಕಾಗದಪತ್ರದ ವಿಷಯ ಅಕ್ಕನಿಗೆ ಹೇಳಿ, ಉಳಿದದ್ದಕ್ಕೆ ಉತ್ತರಿಸುವುದಿಲ್ಲ’ ಎಂದರೆ ಅದು ನಿಮ್ಮ ಕೈಯಲ್ಲಿ. ಒಮ್ಮೆ ಬರೆದು ಸುಮ್ಮನಾಗಿ. ಕಾರಣ ಹೇಳಿದಷ್ಟೂ ವಾದಕ್ಕೆ ಎಡೆ. ಆಮೇಲೆ ಕೆಲವು ದಿನ ಕಾಟ ಹೆಚ್ಚೀತು: ಕಣ್ಣೀರು, ಬೈಗುಳ, ‘ಜ್ವರ ಬಂದಿದೆ, ಊಟ ಮಾಡಿಲ್ಲ’. ಇಷ್ಟು ದಿನ ಫಲ ಕೊಟ್ಟ ಉಪಾಯವನ್ನು ಅಷ್ಟು ಬೇಗ ಯಾರು ಬಿಡುತ್ತಾರೆ? ಹತ್ತನೆಯ ಸಂದೇಶಕ್ಕೆ ನೀವು ಕರಗಿದರೆ, ಹತ್ತು ಕಳಿಸಿದರೆ ಸಾಕೆಂದು ಅವರಿಗೆ ತಿಳಿಯುತ್ತದೆ. ಬೆದರಿಕೆ ಬಂದರೆ ಮಾತ್ರ ಅಳಿಸಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಂಡು ಮನೆಯವರಿಗೆ ತೋರಿಸಿ. ಎದೆ ಹೊಡೆದುಕೊಳ್ಳುವುದು, ತಪ್ಪು ಮಾಡಿದೆನೆಂಬ ಸಂಕಟ ಇವೆಲ್ಲ ಹಳೆಯ ರೂಢಿಯ ಫಲ. ನೀವು ತಪ್ಪಿದ್ದೀರಿ ಎನ್ನುವುದಕ್ಕೆ ಸಾಕ್ಷಿಯಲ್ಲ.

ಏಟು ಬಿದ್ದಿಲ್ಲವಲ್ಲ ಎಂಬ ಸಂಕೋಚವೂ ಬೇಡ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಮಾತಿನ ಮತ್ತು ಭಾವನಾತ್ಮಕ ಹಿಂಸೆಯೂ ಹಿಂಸೆಯೇ. ಕೆಟ್ಟ ಕನಸು, ಬೆಚ್ಚಿಬೀಳುವುದು, ನಿದ್ದೆ ಬಾರದಿರುವುದು ತಿಂಗಳು ದಾಟಿದರೆ ಮನೋವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲೂ ರಾತ್ರಿಯೂ ಇರುತ್ತದೆ. ಅದರ ಭಾಷೆಗಳಲ್ಲಿ ಕನ್ನಡವೂ ಒಂದು.

ಇನ್ನು, ‘ಸ್ವಲ್ಪ ಹೊಂದಿಕೊಂಡು ಹೋಗಬಾರದಿತ್ತೇ’ ಎನ್ನುವ ಹಿರಿಯರು ಮುಂಬೈಯ ಮಾಟುಂಗದ ಯಾವ ಮದುವೆಗೆ ಹೋದರೂ ಸಿಗುತ್ತಾರೆ. ‘ಆ ವಿಷಯ ಬೇಡ ಅತ್ತೆ, ನಿಮ್ಮ ಮಂಡಿನೋವು ಹೇಗಿದೆ?’ ಎಂದು ಕೇಳಿ. ಮಾತು ಅರ್ಧ ಗಂಟೆ ಅಲ್ಲೇ ಇರುತ್ತದೆ.