ದ್ವೇಷ ಭಾಷಣದ ಗಡಿಯನ್ನು ಈಗ ಎಳೆಯುವವರು ಯಾರು?

ಜೂಲಿಯಸ್ ಸ್ಟ್ರೈಕರ್ ನಾಜಿ ಪತ್ರಿಕೆಯೊಂದರ ಒಡೆಯ. ಯಹೂದಿಗಳನ್ನು ನಿರ್ನಾಮ ಮಾಡಬೇಕೆಂದು ವರ್ಷಗಟ್ಟಲೆ ಬರೆದು ಜನರನ್ನು ಉದ್ರೇಕಿಸಿದ್ದಕ್ಕಾಗಿ ನ್ಯೂರೆಂಬರ್ಗ್ ನ್ಯಾಯಮಂಡಳಿ 1946ರಲ್ಲಿ ಅವನನ್ನು ಗಲ್ಲಿಗೇರಿಸಿತು. ಮಾತೂ ಮಹಾಪರಾಧವಾಗಬಲ್ಲದು ಎಂಬುದನ್ನು ಜಗತ್ತು ಅಂದು ಒಪ್ಪಿತು. ಆದರೆ ಯಾವ ಮಾತು, ಯಾವಾಗ ಎಂಬ ಬಗ್ಗೆ ಒಮ್ಮತ ಮೂಡಲಿಲ್ಲ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಕುರಿತ 1966ರ ಅಂತರರಾಷ್ಟ್ರೀಯ ಒಡಂಬಡಿಕೆಯ 19ನೇ ವಿಧಿ ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಕೊಟ್ಟರೆ, 20ನೇ ವಿಧಿ ಹಿಂಸೆಗೆ ಪ್ರಚೋದಿಸುವ ದ್ವೇಷ ಪ್ರಚಾರವನ್ನು ನಿಷೇಧಿಸುವಂತೆ ಹೇಳಿತು. ಅಮೆರಿಕದ ಸುಪ್ರೀಂ ಕೋರ್ಟ್ 1969ರಲ್ಲಿ ಬೇರೆಯೇ ದಾರಿ ಹಿಡಿಯಿತು: ತಕ್ಷಣದ ಕಾನೂನುಬಾಹಿರ ಕೃತ್ಯಕ್ಕೆ ಪ್ರಚೋದಿಸುವ ಉದ್ದೇಶವೂ ಸಂಭವವೂ ಇದ್ದರೆ ಮಾತ್ರ ಶಿಕ್ಷೆ.

ಆಗೆಲ್ಲ ಪತ್ರಿಕೆಗೆ ಸಂಪಾದಕನಿರುತ್ತಿದ್ದ, ಹೊಣೆ ಅವನದಾಗಿತ್ತು. ಬಳಕೆದಾರರು ಬರೆದುದಕ್ಕೆ ಜಾಲತಾಣವನ್ನು ಪ್ರಕಾಶಕನೆಂದು ಪರಿಗಣಿಸುವಂತಿಲ್ಲ ಎಂದು ಅಮೆರಿಕ 1996ರಲ್ಲಿ ಕಾನೂನು ಮಾಡಿತು. ಮುಂದೆ ಹುಟ್ಟಿದ ಸಾಮಾಜಿಕ ಜಾಲತಾಣಗಳು ಬೆಳೆದದ್ದು ಈ ರಕ್ಷಣೆಯ ನೆರಳಿನಲ್ಲಿ.

ಸರ್ಕಾರಗಳು ಗಾಬರಿಯಲ್ಲಿ ಬೀಸಿದ ಬಲೆ ದೊಡ್ಡದು. ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ 'ತೀವ್ರವಾಗಿ ನೋಯಿಸುವ' ಸಂದೇಶಕ್ಕೂ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸುತ್ತಿತ್ತು. 2012ರಲ್ಲಿ ಮುಂಬೈ ಬಂದ್ ಪ್ರಶ್ನಿಸಿ ಫೇಸ್‌ಬುಕ್‌ನಲ್ಲಿ ಬರೆದ ಯುವತಿಯನ್ನಷ್ಟೇ ಅಲ್ಲ, ಅದಕ್ಕೆ ಲೈಕ್ ಒತ್ತಿದವಳನ್ನೂ ಪೊಲೀಸರು ಬಂಧಿಸಿದರು. ಸುಪ್ರೀಂ ಕೋರ್ಟ್ 2015ರಲ್ಲಿ ಆ ಕಲಮನ್ನೇ ರದ್ದುಪಡಿಸಿ, ಚರ್ಚೆ, ಪ್ರತಿಪಾದನೆ, ಪ್ರಚೋದನೆ ಎಂಬ ಮೂರು ಹಂತಗಳನ್ನು ಬಿಡಿಸಿಟ್ಟಿತು. ಮೂರನೆಯದನ್ನು ಮುಟ್ಟಿದಾಗ ಮಾತ್ರ ನಿರ್ಬಂಧಕ್ಕೆ ಅವಕಾಶ. ಇಷ್ಟು ನಿಚ್ಚಳವಾದ ಗೆರೆ ನನಗೆ ಬೇರೆಲ್ಲೂ ಕಂಡಿಲ್ಲ.

ಮ್ಯಾನ್ಮಾರ್‌ನಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಅಲ್ಲಿ ರೊಹಿಂಗ್ಯಾ ಜನರ ವಿರುದ್ಧದ ದ್ವೇಷ ಫೇಸ್‌ಬುಕ್‌ನಲ್ಲಿ ಎಗ್ಗಿಲ್ಲದೆ ಹರಡಿತು. ಬರ್ಮೀಸ್ ಓದಿ ಪರಿಶೀಲಿಸಬಲ್ಲವರು ಕಂಪನಿಯಲ್ಲಿ ಬೆರಳೆಣಿಕೆಯಷ್ಟಿದ್ದರು. 2017ರ ಸೇನಾ ದಾಳಿಯಿಂದ ಏಳು ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿದರು. ಹಿಂಸೆ ಪ್ರಚೋದಿಸಲು ತನ್ನ ವೇದಿಕೆ ಬಳಕೆಯಾಗುವುದನ್ನು ತಡೆಯಲು ಸಾಕಷ್ಟು ಮಾಡಲಿಲ್ಲವೆಂದು ಕಂಪನಿ ಒಪ್ಪಿಕೊಂಡದ್ದು 2018ರಲ್ಲಿ. ಆ ಹೊತ್ತಿಗೆ ಊರುಗಳು ಸುಟ್ಟುಹೋಗಿದ್ದವು.

ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯ ನೇತೃತ್ವದಲ್ಲಿ 2012ರಲ್ಲಿ ರೂಪುಗೊಂಡ ರಬಾತ್ ಕ್ರಿಯಾ ಯೋಜನೆ, ಮಾತನ್ನು ಅಪರಾಧವೆನ್ನುವ ಮೊದಲು ಆರು ಸಂಗತಿಗಳನ್ನು ನೋಡಬೇಕೆನ್ನುತ್ತದೆ: ಸಂದರ್ಭ, ಆಡಿದವರ ಪ್ರಭಾವ, ಉದ್ದೇಶ, ಹೂರಣ, ಹರಡಿದ ವ್ಯಾಪ್ತಿ, ಹಾನಿಯ ಸಂಭವ. ನನಗೆ ಇದರಲ್ಲಿ ಐದನೆಯದೇ ಇಂದಿನ ತೊಡಕು. ಬರೆದವನು ಒಬ್ಬನಾದರೆ, ಅದನ್ನು ಲಕ್ಷಾಂತರ ಜನರ ಕಣ್ಣಿಗೆ ತಳ್ಳುವುದು ಹೆಚ್ಚು ಪ್ರತಿಕ್ರಿಯೆ ಗಿಟ್ಟಿಸುವ ಬರಹವನ್ನು ಮುಂದೆ ಮಾಡುವ ಕಂಪನಿಯ ಅಲ್ಗಾರಿದಮ್. ಆ ಪಾಲಿನ ಹೊಣೆಯನ್ನು ಬಳಕೆದಾರನ ತಲೆಗೆ ಕಟ್ಟುವುದು ಅನ್ಯಾಯ.

ಯುರೋಪಿಯನ್ ಒಕ್ಕೂಟದ 2022ರ ಡಿಜಿಟಲ್ ಸೇವೆಗಳ ಕಾಯ್ದೆ ಈ ದಿಕ್ಕಿಗೆ ಹೊರಳಿದೆ. ದೊಡ್ಡ ವೇದಿಕೆಗಳು ತಮ್ಮ ಶಿಫಾರಸು ವ್ಯವಸ್ಥೆಯ ಅಪಾಯಗಳನ್ನು ತಾವೇ ಅಳೆದು ತಗ್ಗಿಸಬೇಕು. ತಪ್ಪಿದರೆ ಜಾಗತಿಕ ವಾರ್ಷಿಕ ವಹಿವಾಟಿನ ಶೇ 6ರವರೆಗೆ ದಂಡ. ಬರಹ ತೆಗೆದರೆ ಬರೆದವರಿಗೆ ಕಾರಣ ತಿಳಿಸಬೇಕು, ಮೇಲ್ಮನವಿಗೆ ದಾರಿಯಿರಬೇಕು. ಯಾವ ಭಾಷೆಗೆ ಎಷ್ಟು ಪರಿಶೀಲಕರಿದ್ದಾರೆ ಎಂಬ ಲೆಕ್ಕವನ್ನೂ ಪ್ರಕಟಿಸಬೇಕು. ಆದರೆ ಈ ಲೆಕ್ಕ ಒಕ್ಕೂಟದ ಅಧಿಕೃತ ಭಾಷೆಗಳಿಗೆ ಮಾತ್ರ. ಬರ್ಮೀಸ್‌ಗೂ ಕನ್ನಡಕ್ಕೂ ಇದೇ ಲೆಕ್ಕ ಕೊಡಿ ಎಂದು ಕೇಳಲೇಬೇಕು.