ಜೈಲೊಳಗೆ ಬಿದ್ದ ಕೇಸು, ಜೈಲಿಂದಲೇ ಅಪೀಲು

ಬಳ್ಳಾರಿ ಸೆಂಟ್ರಲ್ ಜೈಲು ಅಂದ್ರೆ ಈಗ ಎಲ್ಲರಿಗೂ 2024ರ ಆಗಸ್ಟೇ ನೆನಪು, ಬೆಂಗಳೂರು ಜೈಲಲ್ಲಿ ಸಿಗರೇಟು ಹಿಡ್ಕೊಂಡು ಕುಂತಿದ್ದ ಫೋಟೋ ಹೊರಗೆ ಬಂದು ನಟ ದರ್ಶನ್‌ನ ಇಲ್ಲಿಗೆ ಕಳ್ಸಿದ್ರಲ್ಲ. ಅದು ಬಿಡಿ. ಯಾವನೋ ಸಾದಾ ಕೈದಿ ಹತ್ರ ಮೊಬೈಲೋ ಗಾಂಜಾನೋ ಸಿಕ್ಕು, ಇಲ್ಲ ಬ್ಯಾರಕ್‌ನಾಗ ಹೊಡೆದಾಟ ಆಗಿ, ಒಳಗಿದ್ದಂಗೇ ಇನ್ನೊಂದು ಕೇಸು ಬಿದ್ದು ಶಿಕ್ಷೆನೂ ಆದ್ರೆ ಅವನು ಅಪೀಲು ಹೋಗೋದು ಹೆಂಗೆ?

1894ರ ಜೈಲು ಕಾಯ್ದೆಲಿ ನಿಷೇಧಿತ ಸಾಮಾನು ಒಳಗೆ ಸಾಗಿಸಿದ್ರೆ ಹೆಚ್ಚಂದ್ರೆ 6 ತಿಂಗಳು ಇಲ್ಲ 200 ರೂಪಾಯಿ ದಂಡ, ಇಲ್ಲ ಎರಡೂ. ನಮ್ಮ ರಾಜ್ಯದ್ದು 1963ರ ಕಾಯ್ದೆ, ಅದಕ್ಕೆ 2022ರಲ್ಲಿ ತಿದ್ದುಪಡಿ ತಂದ್ಮೇಲೆ ಶಿಕ್ಷೆ ತಿಂಗಳಿಂದ ವರ್ಷಗಳಿಗೆ ಹೋಯ್ತು. ಹಳೇ ಶಿಕ್ಷೆ, ಹೊಸ ಶಿಕ್ಷೆ ಎರಡೂ ಒಟ್ಟಿಗೇ ನಡೀಲಿ ಅಂತ ಕೋರ್ಟು ಹೇಳದಿದ್ರೆ ಹೊಸ ಶಿಕ್ಷೆ ಹಳೇದು ಮುಗಿದ ಮೇಲೇ ಶುರು, ಅಪೀಲಲ್ಲಿ ಎರಡೂ ಒಟ್ಟಿಗೇ ನಡೀಲಿ ಅಂತ ಕೇಳ್ಬೋದು.

ಜೈಲಿನ ಅಧಿಕಾರಿ ಕೈಗೇ ಅಪೀಲು ಅರ್ಜಿ ಕೊಡೋ ಹಕ್ಕು 1898ರ ಕ್ರಿಮಿನಲ್ ಪ್ರೊಸೀಜರ್ ಕೋಡಲ್ಲೇ (ಕ್ರಿಮಿನಲ್ ಕೇಸು ಹೆಂಗೆ ನಡೀಬೇಕು ಅನ್ನೋ ಕಾಯ್ದೆ) ಇತ್ತು, ಅದರ ಜಾಗಕ್ಕೆ ಬಂದಿರೋ ಈಗಿನ ನಾಗರಿಕ ಸುರಕ್ಷಾ ಸಂಹಿತೆಲೂ ಐತೆ. ಆದ್ರೆ ಅರ್ಜಿ ಹೋಗ್ಬೇಕಾದ ಊರು ಮಾತ್ರ ಬದಲಾಗ್ತಾನೇ ಬಂತು. ಬಳ್ಳಾರಿ 1953ರ ತನಕ ಮದ್ರಾಸಿಗೆ ಸೇರಿತ್ತು, ರಾಯಚೂರು ಕೊಪ್ಪಳ ಹೈದರಾಬಾದಿಗೆ, 1956ರ ಮೇಲೆ ಮೂರಕ್ಕೂ ಬೆಂಗಳೂರೇ ಗತಿ. 2008ರಲ್ಲಿ ಹೈಕೋರ್ಟಿನ ಪೀಠಗಳು ಬಂದ್ಮೇಲೆ ಬಳ್ಳಾರಿ, ಕೊಪ್ಪಳದ್ದು ಧಾರವಾಡಕ್ಕೆ, ರಾಯಚೂರಿಂದು ಕಲಬುರಗಿಗೆ. ಮ್ಯಾಜಿಸ್ಟ್ರೇಟ್ ಕೊಟ್ಟ ಶಿಕ್ಷೆ ಆದ್ರೆ ಜಿಲ್ಲೆಯ ಸೆಷನ್ಸ್ ಕೋರ್ಟಿಗೆ 30 ದಿನದೊಳಗೆ, ಸೆಷನ್ಸ್ ಕೊಟ್ಟಿದ್ದಾದ್ರೆ ಹೈಕೋರ್ಟಿಗೆ 60 ದಿನದೊಳಗೆ ಅಪೀಲು ಹಾಕ್ಬೇಕು.

ದಿನ ಎಣಿಸೋಕೆ ಕೈಯಲ್ಲಿ ತೀರ್ಪಿನ ಕಾಪಿ ಇರ್ಬೇಕಲ್ಲ. 1978ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಹೊಸ್ಕೋಟ್ ಅನ್ನೋನ ಕೇಸಿನ ಜಗಳವೇ ಇದು, ಆತ ಕರ್ನಾಟಕ ಯೂನಿವರ್ಸಿಟಿ ಹೆಸರಿನ ನಕಲಿ ಸೀಲು ಮಾಡ್ಸೋಕೆ ಹೋಗಿ ಸಿಕ್ಕಿಬಿದ್ದವ (ನಮ್ಮ ಕಡೆ ನಂಟು ನೋಡಿ!), ಕಾಪಿ ಕೊಟ್ಟೀವಿ ಅಂತ ಜೈಲಿನವರು, ಸಿಕ್ಕಿಲ್ಲ ಅಂತ ಅವನು, ಅಷ್ಟರಲ್ಲಿ ಶಿಕ್ಷೆನೇ ಮುಗಿದೋಗಿತ್ತು. ಸುಪ್ರೀಂ ಕೋರ್ಟು ಕಾಪಿ ಪುಕ್ಕಟೆ ಕೊಡಿ, ಕೊಟ್ಟಿದ್ದಕ್ಕೆ ಕೈದಿ ಸಹಿ ತಗಳ್ರಿ, ವಕೀಲರನ್ನ ಇಡೋ ಶಕ್ತಿ ಇಲ್ಲದವನಿಗೆ ಸರ್ಕಾರವೇ ಕೊಡ್ಲಿ ಅಂತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಲಿ ಕಸ್ಟಡಿಲಿರೋ ಯಾರಿಗಾದ್ರೂ ಉಚಿತ ವಕೀಲರು ಅಂತ ಬರೆದ್ರು, ಅದು ಜಾರಿಯಾಗಿದ್ದು 1995ಕ್ಕೆ!

ಇನ್ನು ವಾದ. ಹತ್ತಾರು ಜನ ಮಲಗೋ ಬ್ಯಾರಕ್‌ನಾಗ ಸಿಕ್ಕ ಮೊಬೈಲು ಇವನದೇ ಅಂತ ಹೆಂಗೆ, ಮಹಜರಿಗೆ ಸಹಿ ಹಾಕಿದ ಪಂಚರು ಯಾರು, ಸಾಕ್ಷಿ ಹೇಳಿದವರೆಲ್ಲ ಜೈಲು ಸಿಬ್ಬಂದಿನೇನಾ. ಅಪೀಲಲ್ಲಿ ಹೊಸ ಸಾಕ್ಷಿ ಸುಲಭಕ್ಕೆ ತಗಳಲ್ಲ, ಹಂಗಾಗಿ ಕೆಳಗಿನ ಕೋರ್ಟಲ್ಲಿ ಪಾಟಿ ಸವಾಲು ಮಾಡುವಾಗ ಇದನ್ನ ಕೇಳಿರದಿದ್ರೆ ಧಾರವಾಡಕ್ಕೆ ಹೋದ್ರೂ ಫೈಲಲ್ಲಿ ಹುಡುಕೋಕೆ ಏನೂ ಇರಲ್ಲ.