ರಿವರ್ಸ್ ಹಾಕಿದಾಗ ದೋಣಿ ಟ್ರೇಲರ್‌ನ ಬ್ರೇಕ್ ಯಾಕೆ ಹಿಡಿದುಕೊಳ್ಳುತ್ತದೆ?

ದೋಣಿ ಹೊತ್ತ ಟ್ರೇಲರ್ ಕಾರಿನ ಹಿಂದೆ ಸಲೀಸಾಗಿ ಬರುತ್ತದೆ. ಅದನ್ನೇ ಹಿಂದಕ್ಕೆ ತಳ್ಳಲು ಹೋದರೆ ಕೆಲವೊಮ್ಮೆ ಚಕ್ರಗಳು ಗಟ್ಟಿಯಾಗಿ ನಿಂತುಬಿಡುತ್ತವೆ. ಎಂಜಿನ್ ಮೊರೆಯುತ್ತದೆ, ಟೈರ್ ನೆಲಕ್ಕೆ ಉಜ್ಜುತ್ತದೆ, ಟ್ರೇಲರ್ ಕದಲುವುದಿಲ್ಲ. ತಕ್ಷಣ ಚಕ್ರ ಬಿಚ್ಚಲು ಹೊರಡುವವರೇ ಜಾಸ್ತಿ. ಆದರೆ ತೊಂದರೆ ಎಷ್ಟೋ ಸಲ ಚಕ್ರದಿಂದ ದೂರ, ಒಂದು ತಂತಿಯ ತುದಿಯಲ್ಲಿರುತ್ತದೆ. ಈ ಬ್ರೇಕ್ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದರೆ ಎಲ್ಲಿ ಹುಡುಕಬೇಕು ಅನ್ನೋದೂ ತಿಳಿಯುತ್ತದೆ.

ದೋಣಿ ಟ್ರೇಲರ್‌ಗಳಲ್ಲಿ ಹೆಚ್ಚಾಗಿ ಇರುವುದು ಸರ್ಜ್ ಬ್ರೇಕ್. ಯುರೋಪಿನಲ್ಲಿ ಇದೇ ತತ್ವದ ಬ್ರೇಕನ್ನು ಓವರ್‌ರನ್ ಬ್ರೇಕ್ ಅನ್ನುತ್ತಾರೆ. ಕಾರಿನ ಬ್ರೇಕ್ ಪೆಡಲಿಗೂ ಇದಕ್ಕೂ ಸಂಬಂಧವೇ ಇಲ್ಲ. ಕಾರು ನಿಧಾನವಾದಾಗ ಟ್ರೇಲರ್ ತನ್ನ ವೇಗದಲ್ಲೇ ಮುಂದೆ ನುಗ್ಗಿ ಕಾರನ್ನು ತಳ್ಳುತ್ತದೆ. ಆ ತಳ್ಳಾಟಕ್ಕೆ ಟ್ರೇಲರಿನ ಮುಂತುದಿಯಲ್ಲಿರುವ ಕಪ್ಲರ್, ಅಂದರೆ ಕಾರಿನ ಹಿಂದಿನ ಬಾಲ್ ಮೇಲೆ ಕೂರುವ ಕೊಂಡಿ, ಒಳಕ್ಕೆ ಜಾರುತ್ತದೆ. ಜಾರಿದ ಕಪ್ಲರ್ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಒತ್ತುತ್ತದೆ, ಎಣ್ಣೆಯ ಒತ್ತಡ ಪೈಪಿನಲ್ಲಿ ಚಕ್ರಗಳಿಗೆ ಹೋಗುತ್ತದೆ. ಯುರೋಪಿನ ಟ್ರೇಲರ್‌ಗಳಲ್ಲಿ ಸಾಮಾನ್ಯವಾಗಿ ಎಣ್ಣೆಯ ಬದಲು ಸರಳು ಮತ್ತು ಕೇಬಲ್ ಇರುತ್ತವೆ. ಟ್ರೇಲರ್ ಎಷ್ಟು ಜೋರಾಗಿ ತಳ್ಳುತ್ತದೋ ಅಷ್ಟು ಜೋರಾಗಿ ಬ್ರೇಕ್ ಬೀಳುತ್ತದೆ. ಪದೇ ಪದೇ ನೀರಿಗೆ ಇಳಿಯುವ ಟ್ರೇಲರಿಗೆ ಇದು ತುಂಬಾ ಒಳ್ಳೆಯ ಏರ್ಪಾಡು, ಯಾಕೆಂದರೆ ಚಕ್ರದೊಳಗೆ ಕರೆಂಟ್ ಓಡಬೇಕಾಗಿಲ್ಲ.

ಆದರೆ ಇದಕ್ಕೆ ಗೊತ್ತಾಗುವುದು ಒಂದೇ ವಿಷಯ, ಕಪ್ಲರ್ ಒತ್ತಿತೋ ಇಲ್ಲವೋ ಅನ್ನೋದು. ಗಾಡಿ ಮುಂದೆ ಹೋಗುತ್ತಿದೆಯೋ ಹಿಂದೆ ಹೋಗುತ್ತಿದೆಯೋ ಇದಕ್ಕೆ ತಿಳಿಯುವುದಿಲ್ಲ. ಕಾರು ರಿವರ್ಸ್‌ನಲ್ಲಿ ತಳ್ಳಿದಾಗಲೂ ಕಪ್ಲರ್ ಒತ್ತುತ್ತದೆ, ಅಲ್ವಾ? ಅಷ್ಟು ಸಾಕು, ಬ್ರೇಕ್ ಬೀಳುತ್ತದೆ.

ಎಷ್ಟು ಒತ್ತುತ್ತದೆ ಅನ್ನೋದು ನೆಲದ ಮೇಲೆ ನಿಂತಿದೆ. ದೋಣಿ ಸೇರಿ 1,500 ಕಿಲೋ ಇರುವ ಟ್ರೇಲರನ್ನು ಗಟ್ಟಿಯಾದ ಸಮತಟ್ಟು ನೆಲದಲ್ಲಿ ಮೆಲ್ಲಗೆ ಉರುಳಿಸಲು ಸುಮಾರು 20 ಕಿಲೋ ತೂಕದಷ್ಟು ಬಲ ಸಾಕು. ಕಪ್ಲರ್ ಒಳಗಿನ, ತಳ್ಳಾಟದ ರಭಸ ತಗ್ಗಿಸುವ ಡ್ಯಾಂಪರ್ ಅದನ್ನು ತಡೆದುಕೊಳ್ಳಬಹುದು. ಹತ್ತು ಮೀಟರಿಗೆ ಒಂದು ಮೀಟರ್ ಏರುವ ದಾರಿಯಲ್ಲಿ ಹಿಂದಕ್ಕೆ ತಳ್ಳಿದರೆ ಇದಕ್ಕೆ ಇನ್ನೂ 150 ಕಿಲೋ ಸೇರುತ್ತದೆ. ಒದ್ದೆ ಹುಲ್ಲು, ಮರಳು, ಚಕ್ರಕ್ಕೆ ಅಡ್ಡ ಬಂದ ಕಲ್ಲು ಎಲ್ಲವೂ ಈ ಬಲವನ್ನು ಹೆಚ್ಚಿಸುತ್ತವೆ. ದೋಣಿ ಇಳಿಸುವ ಇಳಿಜಾರಿನಲ್ಲಿ ಮಾತ್ರ ಇದು ತಿರುವುಮುರುವು. ಅಲ್ಲಿ ಟ್ರೇಲರ್ ತಾನೇ ಕೆಳಕ್ಕೆ ಎಳೆಯುವುದರಿಂದ ಕಪ್ಲರ್ ಹೊರಕ್ಕೆ ಚಾಚಿಕೊಳ್ಳುತ್ತದೆ, ಬ್ರೇಕ್ ಬೀಳುವುದಿಲ್ಲ. ಹಾಗಾಗಿ ನೀರಿನ ಹತ್ತಿರ ಸರಿಯಾಗಿದ್ದ ಟ್ರೇಲರ್ ಮನೆಯ ಏರು ದಾರಿಯಲ್ಲಿ ಹಟ ಹಿಡಿದರೆ ಆಶ್ಚರ್ಯ ಇಲ್ಲ. ನೀರಿಗೆ ಇಳಿಯುವ ದಾರಿಯಲ್ಲೂ ಹಿಡಿದರೆ ಎಲ್ಲೋ ನಿಜವಾಗಿ ಜಾಮ್ ಆಗಿದೆ ಅಂತ ಅರ್ಥ.

ದಿಕ್ಕು ತಿಳಿಯದ ಈ ಯಂತ್ರಕ್ಕೆ ದಿಕ್ಕು ತಿಳಿಸಲು ಎರಡು ದಾರಿಗಳಿವೆ. ಡ್ರಮ್ ಬ್ರೇಕಿನಲ್ಲಿ, ಅಂದರೆ ಚಕ್ರದ ಜೊತೆ ತಿರುಗುವ ಡಬ್ಬಿಯ ಒಳಗೋಡೆಗೆ ಶೂ ಅನ್ನುವ ಬಾಗಿದ ಪಟ್ಟಿಗಳು ಒತ್ತಿ ಹಿಡಿಯುವ ಬ್ರೇಕಿನಲ್ಲಿ, ಆ ಬುದ್ಧಿ ಚಕ್ರದೊಳಗೇ ಇರುತ್ತದೆ. ಮುಂದಕ್ಕೆ ತಿರುಗುವ ಡ್ರಮ್ ಬ್ರೇಕ್ ಶೂವನ್ನು ತನ್ನ ಜೊತೆ ಎಳೆದುಕೊಂಡು ಇನ್ನಷ್ಟು ಬಿಗಿ ಮಾಡಿಕೊಳ್ಳುತ್ತದೆ. ಬಾಗಿಲಡಿಯ ಬೆಣೆ ಒಂದು ಕಡೆ ತಳ್ಳಿದರೆ ಬಿಗಿಯಾಗಿ, ಇನ್ನೊಂದು ಕಡೆ ತಳ್ಳಿದರೆ ಸಡಿಲವಾಗುವ ಹಾಗೆ, ಡ್ರಮ್ ಹಿಂದಕ್ಕೆ ತಿರುಗಿದಾಗ ಶೂಗಳು ತಮ್ಮ ಜಾಗದಿಂದ ಜಾರಿ ಸಡಿಲವಾಗುವಂತೆ ಒಳಗಿನ ಭಾಗಗಳನ್ನು ಜೋಡಿಸಿರುತ್ತಾರೆ. ಇದು ಪೂರ್ತಿ ಯಾಂತ್ರಿಕ ಉಪಾಯ, ನನಗೆ ಬಹಳ ಮೆಚ್ಚುಗೆಯದು. ಬ್ರಿಟನ್‌ನಲ್ಲಿ 1989ರಿಂದ ಓವರ್‌ರನ್ ಬ್ರೇಕ್ ಇರುವ ಹೊಸ ಟ್ರೇಲರ್‌ಗಳಿಗೆ ಇಂಥ ಏರ್ಪಾಡು ಕಡ್ಡಾಯ.

ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಎರಡು ಕಡೆಯಿಂದ ಪ್ಯಾಡ್‌ಗಳು ಹಿಡಿಯುವ ಡಿಸ್ಕ್ ಬ್ರೇಕಿಗೆ ಈ ಉಪಾಯ ನಡೆಯುವುದಿಲ್ಲ. ಡಿಸ್ಕ್ ಯಾವ ಕಡೆ ತಿರುಗಿದರೂ ಪ್ಯಾಡ್ ಒಂದೇ ತರ ಹಿಡಿಯುತ್ತದೆ. ಅದಕ್ಕೇ ಎಣ್ಣೆಯ ಪೈಪಿನ ನಡುವೆ ಕರೆಂಟಿನಿಂದ ಕೆಲಸ ಮಾಡುವ ಒಂದು ಸೊಲೆನಾಯ್ಡ್ ವಾಲ್ವ್ ಇಡುತ್ತಾರೆ. ಕಾರಿನ ರಿವರ್ಸ್ ಲೈಟ್ ಹೊತ್ತಿದಾಗ ಅದೇ ಕರೆಂಟ್ ವಾಲ್ವಿಗೂ ಬರುತ್ತದೆ, ವಾಲ್ವ್ ಮುಚ್ಚುತ್ತದೆ, ಒತ್ತಡ ಚಕ್ರಕ್ಕೆ ಹೋಗುವುದಿಲ್ಲ. ನಾಲ್ಕು ತಂತಿಯ ಪ್ಲಗ್ಗಿನಲ್ಲಿ ಈ ಕರೆಂಟಿಗೆ ಜಾಗವೇ ಇಲ್ಲ, ಐದನೆಯ ತಂತಿ ಬೇಕೇ ಬೇಕು. ಉತ್ತರ ಅಮೆರಿಕದಲ್ಲಿ ಅದು ಸಾಮಾನ್ಯವಾಗಿ ನೀಲಿ ಬಣ್ಣದ್ದು. ಅಲ್ಲಿನ ಏಳು ಪಿನ್ನಿನ ಪ್ಲಗ್ ಆದರೆ ನಡುವಿನ ಪಿನ್. ಐದು ತಂತಿಯ ಟ್ರೇಲರನ್ನು ಅಡಾಪ್ಟರ್ ಹಾಕಿ ನಾಲ್ಕು ತಂತಿಯ ಕಾರಿಗೆ ಸಿಕ್ಕಿಸಿದರೆ ದೀಪಗಳೆಲ್ಲ ಹತ್ತುತ್ತವೆ, ರಿವರ್ಸ್‌ನಲ್ಲಿ ಬ್ರೇಕ್ ಮಾತ್ರ ಹಿಡಿದುಕೊಳ್ಳುತ್ತದೆ.

ಹಾಗಾಗಿ ಮೊದಲು ನೋಡಬೇಕಾದ್ದು ಡ್ರಮ್ಮೋ ಡಿಸ್ಕೋ ಅನ್ನೋದು. ಡಿಸ್ಕ್ ಆದರೆ ಎಂಜಿನ್ ಆರಿಸಿ, ಇಗ್ನಿಷನ್ ಆನ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ರಿವರ್ಸ್ ಗೇರ್ ಹಾಕಿ. ಇನ್ನೊಬ್ಬರು ವಾಲ್ವಿನ ಹತ್ತಿರ ಕಿವಿ ಇಟ್ಟರೆ ಟಕ್ ಅನ್ನುವ ಸದ್ದು ಕೇಳಬೇಕು. ಕೇಳದಿದ್ದರೆ ಮೀಟರ್ ಹಿಡಿದು ವಾಲ್ವಿನ ತಂತಿಯಲ್ಲಿ 12 ವೋಲ್ಟ್ ಬರುತ್ತಿದೆಯಾ ನೋಡಿ. ಬರದಿದ್ದರೆ ಫ್ಯೂಸ್, ಪ್ಲಗ್, ಮಧ್ಯದ ಜೋಡಣೆಗಳನ್ನು ನೋಡಬೇಕು. ಬಂದರೂ ವಾಲ್ವ್ ಸುಮ್ನಿದ್ದರೆ ಅರ್ಥ್ ತಂತಿಯ ಮೇಲೆ ನನ್ನ ಮೊದಲ ಅನುಮಾನ. ಅದು ತುಕ್ಕು ಹಿಡಿದು ಬಿಟ್ಟಿದ್ದರೆ ಕರೆಂಟ್ ಕಪ್ಲರ್ ಕೂರುವ ಗ್ರೀಸ್ ಮೆತ್ತಿದ ಬಾಲ್ ಮೂಲಕ ವಾಪಸು ಹೋಗಲು ನೋಡುತ್ತದೆ. ಚಿಕ್ಕ ದೀಪಕ್ಕೆ ಅಷ್ಟು ಸಾಕಾಗಬಹುದು, ಸೊಲೆನಾಯ್ಡಿಗೆ ಸಾಲದು.

ಕರೆಂಟ್ ಸರಿಯಿದ್ದೂ ಹಿಡಿದರೆ ಒತ್ತಡ ಒಳಗೇ ಸಿಕ್ಕಿಕೊಂಡಿರಬಹುದು. ಬ್ರೇಕ್ ಹಾಕಿ ನಿಂತ ತಕ್ಷಣ, ಕಪ್ಲರ್ ಒತ್ತಿಕೊಂಡೇ ಇರುವಾಗ ರಿವರ್ಸ್ ಹಾಕಿದರೆ ವಾಲ್ವ್ ಮುಚ್ಚಿಕೊಂಡು ಚಕ್ರದ ಕಡೆಯ ಒತ್ತಡ ಅಲ್ಲೇ ಉಳಿಯಬಹುದು. ಒಂದು ಅಡಿ ಮುಂದೆ ಎಳೆದು, ಕಪ್ಲರ್ ಚಾಚಿದ ಮೇಲೆ ರಿವರ್ಸ್ ಹಾಕಿ ನೋಡಿ. ಖರ್ಚಿಲ್ಲದ ಪರೀಕ್ಷೆ ಇದು.

ಮುಂದಕ್ಕೂ ಹಿಂದಕ್ಕೂ ಚಕ್ರ ಬಿಗಿಯಾಗಿದ್ದರೆ ಬ್ರೇಕ್‌ಅವೇ ಕೇಬಲ್ ಕಡೆ ನೋಡಿ. ಟ್ರೇಲರ್ ಕಳಚಿಕೊಂಡರೆ ತಾನೇ ಬ್ರೇಕ್ ಹಾಕಲು ಇಟ್ಟಿರುವ ತೆಳು ಕೇಬಲ್ ಅದು. ತೀರಾ ಗಿಡ್ಡವಾಗಿ ಕಟ್ಟಿದ್ದರೆ ತಿರುವಿನಲ್ಲಿ ಎಳೆದುಕೊಂಡು ಬ್ರೇಕ್ ಹಾಕಿಬಿಡುತ್ತದೆ, ಬಿಡಿಸುವವರೆಗೆ ಬಿಡುವುದಿಲ್ಲ. ಅದೂ ಸರಿಯಿದ್ದರೆ ಆ ಚಕ್ರದ ಬ್ರೇಕಿನಿಂದ ಎಣ್ಣೆ ಹೊರಬಿಡುವ ಬ್ಲೀಡರ್ ಸ್ಕ್ರೂ ಸ್ವಲ್ಪ ಸಡಿಲಿಸಿ. ಅದಕ್ಕೂ ಮೊದಲು ಬೇರೆ ಚಕ್ರಗಳಿಗೆ ಕಲ್ಲು ಕೊಟ್ಟು, ಕಣ್ಣಿಗೆ ಕನ್ನಡಕ ಹಾಕಿಕೊಂಡಿರಬೇಕು. ಎಣ್ಣೆ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ತೊಂದರೆ ಎಣ್ಣೆಯ ದಾರಿಯಲ್ಲಿದೆ. ಒಳಗೇ ಊದಿಕೊಂಡ ರಬ್ಬರ್ ಹೋಸ್ ಆಗಿರಬಹುದು, ಮಾಸ್ಟರ್ ಸಿಲಿಂಡರಿನಲ್ಲಿ ಎಣ್ಣೆ ವಾಪಸಾಗುವ ಸಣ್ಣ ತೂತು ಕಟ್ಟಿಕೊಂಡಿರಬಹುದು. ಡ್ರಮ್ ತೆಗೆದು ಡಿಸ್ಕ್ ಹಾಕಿಸಿದವರು ಹಳೆಯ ಸಿಲಿಂಡರನ್ನೇ ಉಳಿಸಿಕೊಂಡಿದ್ದರೆ, ಡ್ರಮ್ಮಿಗಾಗಿ ಅದರಲ್ಲಿ ಇಟ್ಟಿದ್ದ ವಾಲ್ವ್ ಪೈಪಿನಲ್ಲಿ ಸುಮಾರು 10 ಪಿಎಸ್‌ಐ ಒತ್ತಡ ಉಳಿಸುತ್ತದೆ. ಡಿಸ್ಕ್ ಪ್ಯಾಡ್ ಉಜ್ಜುತ್ತಲೇ ಇರಲು ಅಷ್ಟು ಸಾಕು. ಸ್ಕ್ರೂ ಸಡಿಲಿಸಿದರೂ ಚಕ್ರ ಬಿಡದಿದ್ದರೆ ಕಾರಣ ತುಕ್ಕು. ಡಿಸ್ಕಿನ ಪ್ಯಾಡ್ ಒತ್ತುವ ಕ್ಯಾಲಿಪರಿನ ಪಿಸ್ಟನ್ ಕಚ್ಚಿಕೊಂಡಿದೆ, ಇಲ್ಲವೇ ಶೂ ಡ್ರಮ್ಮಿಗೆ ಅಂಟಿದೆ. ಉಪ್ಪುನೀರಿನಿಂದ ಬಂದ ದಿನವೇ ಸಿಹಿನೀರಿನಲ್ಲಿ ತೊಳೆಯದ ಟ್ರೇಲರ್‌ಗಳಿಗೆ ಈ ಗತಿ ಬೇಗ ಬರುತ್ತದೆ.

ಡ್ರಮ್ಮಿನಲ್ಲಿ ಇನ್ನೆರಡು ತಪ್ಪುಗಳು ರಿಪೇರಿಯ ಕೈಯಿಂದಲೇ ಆಗುತ್ತವೆ. ಒಂದು, ಎಡದ ಬ್ರೇಕನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕುವುದು. ಹಾಗಾದರೆ ದಿಕ್ಕೇ ತಿರುಗಿಬಿಡುತ್ತದೆ: ಮುಂದಕ್ಕೆ ಹೋಗುವಾಗ ಬ್ರೇಕ್ ಸಡಿಲ, ಹಿಂದಕ್ಕೆ ಹೋಗುವಾಗ ಬಿಗಿ. ಇನ್ನೊಂದು, ಶೂ ಅಥವಾ ಕೇಬಲನ್ನು ಅತಿಯಾಗಿ ಬಿಗಿ ಮಾಡುವುದು. ಆಗ ಶೂ ಜಾರಲು ಬೇಕಾದ ಸಡಿಲವೇ ಉಳಿಯುವುದಿಲ್ಲ. ಹೊಂದಿಸುವಾಗ ಚಕ್ರವನ್ನು ಮುಂದಿನ ದಿಕ್ಕಿಗೆ ಮಾತ್ರ ತಿರುಗಿಸಬೇಕು.

ಹಳೆಯ ಕಪ್ಲರ್‌ಗಳಲ್ಲಿ ಜಾರದಂತೆ ತಡೆಯುವ ಒಂದು ಪಿನ್ ಇರುತ್ತದೆ. ಅದನ್ನು ಸಿಕ್ಕಿಸಿದರೆ ರಿವರ್ಸ್ ಸಲೀಸು. ತೆಗೆಯಲು ಮರೆತು ರಸ್ತೆಗೆ ಇಳಿದರೆ ಟ್ರೇಲರಿಗೆ ಬ್ರೇಕೇ ಇರುವುದಿಲ್ಲ. ಆದ್ದರಿಂದ ರಿಪೇರಿ ಮುಂದೂಡಲು ಆ ಪಿನ್ನನ್ನು ನಂಬಬೇಡಿ.

ಕೆಲಸ ಮುಗಿದ ಮೇಲೆ ಸಣ್ಣ ಏರಿನಲ್ಲಿ ಮೆಲ್ಲಗೆ ರಿವರ್ಸ್ ಮಾಡಿ ನೋಡಿ. ಆಮೇಲೆ ಮುಂದೆ ಹೋಗಿ ಬ್ರೇಕ್ ಹಾಕಿ, ಟ್ರೇಲರ್ ತಾನೂ ಹಿಡಿಯುತ್ತಿದೆಯಾ ಗಮನಿಸಿ. ಒಂದೆರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಪ್ರತಿ ಚಕ್ರದ ಹಬ್ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ಉಳಿದವುಗಳಿಗಿಂತ ಜಾಸ್ತಿ ಬಿಸಿ ಇದ್ದರೆ ಆ ಚಕ್ರದ ಬ್ರೇಕ್ ಇನ್ನೂ ಪೂರ್ತಿ ಬಿಟ್ಟಿಲ್ಲ.